ಕವಿತೆಗೊಂದು ಎರಡನೇ ಓದು: ಬೆಂಗಳೂರಿನಲ್ಲಿ ಕವಿಗೋಷ್ಠಿ ನಡೆಸುವ ಬಗೆ

ಕವಿಗೋಷ್ಠಿಯ ಲೆಕ್ಕಾಚಾರ ಗಡಿಯಾರದಿಂದ ಶುರುವಾಗಬೇಕು. ಇಪ್ಪತ್ತೈದು–ಮೂವತ್ತು ಸಾಲಿನ ಕನ್ನಡ ಕವಿತೆಯನ್ನು ಅವಸರವಿಲ್ಲದೆ ಓದಲು ಸುಮಾರು ಎರಡು ನಿಮಿಷ ಬೇಕು. ಮೂರು ಕವಿತೆ ಓದಿ, ಅದರಲ್ಲೊಂದನ್ನು ಮತ್ತೆ ಓದಿ, ಕೇಳುವವರ ಒಂದೆರಡು ಮಾತಿಗೂ ಎಡೆಯಿಟ್ಟರೆ ಒಬ್ಬ ಕವಿಗೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಒಂದೂವರೆ ಗಂಟೆಗೆ ಆರು ಜನ. ನಾನು ತಿಂಗಳಿಗೊಮ್ಮೆ ನಡೆಸುವ ವಾಚನದಲ್ಲಿ ಈ ಸಂಖ್ಯೆಯನ್ನು ದಾಟುವುದಿಲ್ಲ, ಯಾರು ಎಷ್ಟು ಒತ್ತಾಯಿಸಿದರೂ.

ಮೂವತ್ತು ಕವಿಗಳ ಗೋಷ್ಠಿಗಳು ಎಲ್ಲಿ ಸೋಲುತ್ತವೆ ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳ ಮಾತು, ಸನ್ಮಾನ ಇವೆಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಆಮೇಲೆ ಒಬ್ಬೊಬ್ಬರಿಗೆ ಎರಡು ನಿಮಿಷ. ತಮ್ಮ ಸರದಿ ಮುಗಿದವರು ಎದ್ದು ಹೋಗುತ್ತಾರೆ, ಕೊನೆಯ ಕವಿ ಕುರ್ಚಿಗಳಿಗೆ ಓದುತ್ತಾನೆ. ಹೊಸಬರಿಗೆ ಅದರಿಂದ ಸಿಗುವುದು ಒಂದು ಪ್ರಮಾಣಪತ್ರ, ಒಂದು ಫೋಟೊ. ತನ್ನ ಯಾವ ಸಾಲು ಕೇಳುವವರನ್ನು ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂಬ ತಿಳಿವಳಿಕೆ ಸಿಗುವುದಿಲ್ಲ. ಬರೆಯುವವರಿಗೆ ಬೇಕಾದದ್ದು ಅದೇ.

ಅದಕ್ಕೆ ನಾವು ಕಂಡುಕೊಂಡ ದಾರಿ ಎರಡನೇ ಓದು. ಪುಟದ ಮೇಲಿನ ಕವಿತೆಯಲ್ಲಿ ಕಣ್ಣು ಹಿಂದಕ್ಕೆ ಹೋಗಿ ಬರಬಹುದು, ಕಿವಿಗೆ ಆ ಸೌಲಭ್ಯವಿಲ್ಲ. ಛಂದಸ್ಸು, ಪ್ರಾಸ, ಪಲ್ಲವಿ ಇರುವ ಕವಿತೆಯಲ್ಲಿ ಲಯವೇ ಕೇಳುಗನನ್ನು ಹಿಡಿದು ನಡೆಸುತ್ತದೆ. ನವ್ಯದ ನಂತರದ ಮುಕ್ತಲಯದ ಕವಿತೆಗೆ ಆ ಆಸರೆ ಕಡಿಮೆ. ಮೊದಲ ಓದಿನಲ್ಲಿ ಅರ್ಧ ಕಳೆದುಹೋಗುತ್ತದೆ. ಆದ್ದರಿಂದ ಪ್ರತಿ ಕವಿಯ ಮೂರರಲ್ಲಿ ಒಂದನ್ನು ಮತ್ತೆ ಓದಿಸುತ್ತೇವೆ. ಯಾವುದೆಂದು ಕವಿ ಹೇಳುವಂತಿಲ್ಲ, ಸಭೆ ಕೇಳಬೇಕು. ಯಾರೂ ಕೇಳದಿದ್ದರೆ ನಿರೂಪಕರು ಅತ್ಯಂತ ಚಿಕ್ಕದನ್ನು ಆರಿಸುತ್ತಾರೆ. ಎರಡನೇ ಓದನ್ನು ಮೊದಲಿಗಿಂತ ತುಸು ನಿಧಾನವಾಗಿ ಓದಲು ಹೇಳುತ್ತೇವೆ. ಉರ್ದು ಕವಿಗೋಷ್ಠಿಗಳಾದ ಮುಶಾಯಿರಾಗಳಲ್ಲಿ ಒಂದು ಮಿಸ್ರಾವನ್ನು, ಅಂದರೆ ಸಾಲನ್ನು, ಎರಡೆರಡು ಸಲ ಹೇಳುವ, ಸಭಿಕರೂ ಅದನ್ನು ಎತ್ತಿಕೊಳ್ಳುವ ಪದ್ಧತಿ ಇದೆ. ಕನ್ನಡದ ಗೋಷ್ಠಿಗಳಲ್ಲಿ ಅದು ರೂಢಿಯಾಗಲಿಲ್ಲ, ಆಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಪ್ಪಾಳೆ ಕವಿಯ ಮೂರೂ ಕವಿತೆ ಮುಗಿದ ಮೇಲೆ ಮಾತ್ರ. ಪ್ರತಿ ಕವಿತೆಗೂ ತಟ್ಟಿದರೆ ಕೊನೆಯ ಸಾಲು ಸದ್ದಿನಲ್ಲಿ ಮುಳುಗುತ್ತದೆ.

ಕವಿಗಳಿಂದ ಹತ್ತು ದಿನ ಮೊದಲೇ ನಾಲ್ಕು ಕವಿತೆ ತರಿಸಿಕೊಳ್ಳಿ, ಮೂರನ್ನು ಆರಿಸಿ. ಎಲ್ಲರೂ ಅಮ್ಮನ ಮೇಲೆ, ಮಳೆಯ ಮೇಲೆ ತಂದರೆ ಸಭೆ ಬೇಗ ದಣಿಯುತ್ತದೆ. ಮೊದಲೇ ನೋಡಿದ್ದರೆ ಹೊಂದಿಸಬಹುದು. ಆರರಲ್ಲಿ ಒಬ್ಬರು ಹಿರಿಯರು, ನಾಲ್ವರು ಸಂಕಲನ ಬಾರದವರು ಅಥವಾ ಒಂದೇ ಬಂದವರು, ಇನ್ನೊಬ್ಬರು ಈ ಊರಿನ ಬೇರೊಂದು ಭಾಷೆಯವರು: ತೆಲುಗು, ತಮಿಳು, ದಖನಿ ಉರ್ದು, ತುಳು, ಕೊಂಕಣಿ, ಕೊಡವ. ಮೂಲದ ಆರೆಂಟು ಸಾಲು ಕೇಳಿಸಿ, ಆಮೇಲೆ ಇಡೀ ಕವಿತೆಯ ಕನ್ನಡ ಅನುವಾದ. ಅನುವಾದ ಮಾಡಿದವರೇ ಓದಬೇಕು, ಅವರ ಹೆಸರು ಹೇಳಲೇಬೇಕು.

ಹಿರಿಯರನ್ನು ನಾಲ್ಕನೆಯವರಾಗಿ ಕೂಡಿಸಿ. ಮೊದಲಿಗೆ ಓದಿಸಿದರೆ ಅವರಿಗಾಗಿ ಬಂದವರು ಬೇಗ ಹೊರಡುತ್ತಾರೆ. ಕೊನೆಗೆ ಇಟ್ಟರೆ ಅವರೇ ತಡವಾಗಿ ಬರುತ್ತಾರೆ, ಉಳಿದ ಐವರನ್ನು ಕೇಳುವುದಿಲ್ಲ. ನಾಲ್ಕನೆಯವರಾದರೆ ಮುಂಚೆ ಬರಬೇಕಾಗುತ್ತದೆ, ಮುಗಿದ ಮೇಲೂ ಎದ್ದು ಹೋಗಲು ಸಂಕೋಚವಾಗುತ್ತದೆ.

ಜಾಗದ ವಿಷಯದಲ್ಲಿ ದೊಡ್ಡದು ಒಳ್ಳೆಯದಲ್ಲ. ಜೆ.ಸಿ. ರಸ್ತೆಯ ಕನ್ನಡ ಭವನದ ನಯನ ಸಭಾಂಗಣ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಸಭಾಂಗಣ ಇವು ಪುಸ್ತಕ ಬಿಡುಗಡೆಗೆ, ಸಮ್ಮೇಳನದ ಗೋಷ್ಠಿಗೆ ಸರಿ. ನಲವತ್ತು ಜನ ಬರುವ ವಾಚನಕ್ಕೆ ಖಾಲಿ ಕುರ್ಚಿಗಳೇ ಎದುರಾಳಿ. ಐವತ್ತು ಕುರ್ಚಿ ಹಿಡಿಯುವ ಕೋಣೆ ಹುಡುಕಿ: ಪುಸ್ತಕದ ಅಂಗಡಿಯ ಮಹಡಿ, ಬಡಾವಣೆಯ ಗ್ರಂಥಾಲಯ, ರಜಾದಿನದಲ್ಲಿ ಶಾಲೆಯ ತರಗತಿ. ಬಸವನಗುಡಿ, ಎನ್.ಆರ್. ಕಾಲೊನಿ ಕಡೆ ವಿಶ್ವ ಸಂಸ್ಕೃತಿ ಸಂಸ್ಥೆ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಂಥವುಗಳಿಂದಾಗಿ ಸಂಜೆ ಉಪನ್ಯಾಸ ಕೇಳಲು ಬಂದು ಕೂರುವ ಅಭ್ಯಾಸ ಜನರಿಗೆ ಮೊದಲಿನಿಂದ ಇದೆ. ಹೊಸದಾಗಿ ಶುರುಮಾಡುವವರಿಗೆ ಆ ಭಾಗ ಅನುಕೂಲ. ಹಸಿರು ಮಾರ್ಗದ ಮೆಟ್ರೊ ಹತ್ತಿರವಿದೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಆದಮೇಲೆ ಪೂರ್ವದ ತುದಿಯವರೂ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಬರಬಹುದು. ನಿಲ್ದಾಣದಿಂದ ನಡೆದು ತಲುಪುವ ಜಾಗವಾದರೆ ಯುವಕರು ಹೆಚ್ಚು ಬರುತ್ತಾರೆ.

ಶನಿವಾರ ಸಂಜೆ ಐದೂವರೆ ಒಳ್ಳೆಯ ಹೊತ್ತು. ಆದರೆ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಂಜೆ ಮಳೆ ಹಿಡಿದುಕೊಳ್ಳುತ್ತದೆ, ರಸ್ತೆ ಕಟ್ಟುತ್ತದೆ. ಆ ತಿಂಗಳುಗಳಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಇಡಿ. ತಗಡಿನ ಚಾವಣಿಯ ಕೋಣೆ ಮಾತ್ರ ಬೇಡವೇ ಬೇಡ. ನವೆಂಬರ್‌ನಲ್ಲಿ ನಾವು ನಡೆಸುವುದಿಲ್ಲ: ರಾಜ್ಯೋತ್ಸವಕ್ಕೆ ಸಭಾಂಗಣಗಳು ಮೊದಲೇ ಹೋಗಿರುತ್ತವೆ, ಕವಿಗಳೂ ಬಿಡುವಾಗಿರುವುದಿಲ್ಲ. ಬಯಲಿನಲ್ಲಿ, ಉದ್ಯಾನದಲ್ಲಿ ಮಾಡುವುದಾದರೆ ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿ ಬೇಕು. ಐವತ್ತು ಜನರ ಮುಚ್ಚಿದ ಕೋಣೆಗೆ ಮೈಕೇ ಬೇಕಾಗಿಲ್ಲ, ಫ್ಯಾನ್ ಸದ್ದು ಕಡಿಮೆಯಿದ್ದರೆ.

ಮೈಕ್ ಇದ್ದರೆ ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ. ನೇರ ಎದುರಿಗಿಟ್ಟರೆ ಪ, ಫ, ಬ, ಭ ಅಕ್ಷರಗಳ ಗಾಳಿ ಬಡಿದು ಢಬಢಬ ಕೇಳುತ್ತದೆ. ಕವಿತೆಯನ್ನು ಹದಿನಾರು ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಅಂತರ ಬಿಟ್ಟು, ಹಾಳೆಯ ಒಂದೇ ಬದಿಗೆ ಮುದ್ರಿಸಿಕೊಂಡು ಬರಲು ಹೇಳಿ. ಪುಟ ಮುಗಿಯುವುದು ಚರಣದ ಕೊನೆಗೆ ಹೊಂದಬೇಕು, ಇಲ್ಲವಾದರೆ ಹಾಳೆ ತಿರುವುವ ಸದ್ದು ಸಾಲಿನ ನಡುವೆ ಬರುತ್ತದೆ. ಮೊಬೈಲ್ ನೋಡಿ ಓದುವುದನ್ನು ನಾವು ಒಪ್ಪುವುದಿಲ್ಲ: ಪರದೆ ಆರುತ್ತದೆ, ಕರೆ ಬರುತ್ತದೆ, ತಲೆ ತಗ್ಗುವುದರಿಂದ ದನಿ ಎದೆಗೆ ಇಳಿಯುತ್ತದೆ. ಹಾಳೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ ದನಿ ಮುಂದಕ್ಕೆ ಹೋಗುತ್ತದೆ.

‘ಈ ಕವಿತೆ ಹುಟ್ಟಿದ ಸಂದರ್ಭ’ ಎಂದು ಮೂರು ನಿಮಿಷ ವಿವರಿಸಿ ಒಂದು ನಿಮಿಷದ ಕವಿತೆ ಓದುವುದು ಹೊಸಬರಲ್ಲಿ ತೀರ ಸಾಮಾನ್ಯ. ಶೀರ್ಷಿಕೆ ಹೇಳಿ, ಮೂರು ಎಣಿಸುವಷ್ಟು ಸುಮ್ಮನಿದ್ದು, ಓದಲು ಶುರುಮಾಡಿ ಎಂದಷ್ಟೇ ಹೇಳುತ್ತೇವೆ. ವಿವರಣೆಯಿಲ್ಲದೆ ತಿಳಿಯದ ಊರಿನ ಪದ, ಆಚರಣೆಯ ಹೆಸರು ಇದ್ದರೆ ಒಂದು ವಾಕ್ಯ ಸಾಕು. ಹಾಡಬಲ್ಲವರು ಭಾವಗೀತೆಯ ಧಾಟಿಗೆ ಜಾರುತ್ತಾರೆ. ರಾಗ ಸೊಗಸಾಗಿದ್ದರೆ ಸಾಲಿನ ದೋಷ ಮುಚ್ಚಿಹೋಗುತ್ತದೆ, ಬರೆದವರಿಗೇ ಅದರಿಂದ ನಷ್ಟ. ಅವರಿಂದಲೂ ಒಂದನ್ನಾದರೂ ಓದಿಸಿ.

ಹಾರ, ಶಾಲು, ಪೇಟ, ಸ್ಮರಣಿಕೆ ಬಿಟ್ಟರೆ ಖರ್ಚು ಬಹಳ ಇಳಿಯುತ್ತದೆ. ಆ ಹಣದಲ್ಲಿ ಕವಿಗೆ ಆಟೊ ಖರ್ಚು ಮತ್ತು ಒಂದು ಒಳ್ಳೆಯ ಪುಸ್ತಕ ಕೊಡಿ. ಊರಾಚೆಯಿಂದ ಬರುವ ವಿದ್ಯಾರ್ಥಿಗೆ ಮೊದಲನೆಯದು ದೊಡ್ಡ ಸಹಾಯ. ನಲವತ್ತು ಜನರಿಗೆ ಐದು ಲೀಟರ್ ಚಹಾ ಸಾಕು, ಹತ್ತಿರದ ದರ್ಶಿನಿಯವರು ಫ್ಲಾಸ್ಕಿನಲ್ಲಿ ಕೊಡುತ್ತಾರೆ. ಚಹಾ ಕೊನೆಗೆ ಕೊಡಿ. ನಡುವೆ ಕೊಟ್ಟರೆ ಹೊರಗೆ ಹೋದವರನ್ನು ಕರೆತರುವುದೇ ಕೆಲಸವಾಗುತ್ತದೆ.

ಧ್ವನಿಮುದ್ರಿಕೆಯನ್ನು ಕವಿಯ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕಬೇಡಿ. ಸಾಮಾನ್ಯವಾಗಿ ಪತ್ರಿಕೆಗಳೂ ಸ್ಪರ್ಧೆಗಳೂ ‘ಎಲ್ಲಿಯೂ ಪ್ರಕಟವಾಗಿರಬಾರದು’ ಎನ್ನುತ್ತವೆ, ಜಾಲತಾಣವೂ ಅದರಲ್ಲಿ ಸೇರುತ್ತದೆ. ಫೇಸ್‌ಬುಕ್‌ನಲ್ಲಿ ಹಾಕಿದ ಕವಿತೆಯನ್ನು ಸ್ಪರ್ಧೆಗೆ ಕಳಿಸಿ ಅವಕಾಶ ಕಳೆದುಕೊಳ್ಳುವವರು ತುಂಬ ಜನ. ಗೋಷ್ಠಿಯಲ್ಲಿ ಬರಿದೆ ಓದಿದ್ದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹಾಗಾಗಿ ಮೊದಲು ಓದು, ಆಮೇಲೆ ತಿದ್ದುವಿಕೆ, ಆಮೇಲೆ ಪತ್ರಿಕೆ, ಕೊನೆಗೆ ಜಾಲತಾಣ ಎಂಬ ಸರದಿ ಹಿಡಿದರೆ ಕವಿತೆಗೆ ನಾಲ್ಕೂ ಕಡೆ ಜಾಗ ಸಿಗುತ್ತದೆ.

ಕಳಿಸುವಾಗ ಯೂನಿಕೋಡ್ ಕಡತವೇ ಇರಲಿ, ಜೊತೆಗೆ ಅದರ ಪಿಡಿಎಫ್. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಗಳ ಕಡತ ಬೇರೆ ಯಂತ್ರದಲ್ಲಿ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಪರಿವರ್ತಕಕ್ಕೆ ಹಾಕಿದ ಮೇಲೆ ಅರ್ಕಾವೊತ್ತಿನ ಪದಗಳನ್ನು, ‘ರ‍್ಯಾಂಕ್’ನಂಥ ಪದಗಳನ್ನು, ಮೂರು ಅಕ್ಷರ ಕೂಡಿದ ಒತ್ತುಗಳನ್ನು ಒಂದೊಂದಾಗಿ ನೋಡಿ. ಇಮೇಲ್‌ನ ಒಡಲಿನಲ್ಲಿ ಅಂಟಿಸಿದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಪಿಡಿಎಫ್ ಇದ್ದರೆ ಸಂಪಾದಕರಿಗೆ ಗೊತ್ತಾಗುತ್ತದೆ. ಒಂದು ಕವಿತೆಯನ್ನು ಒಮ್ಮೆಗೆ ಒಂದೇ ಪತ್ರಿಕೆಗೆ ಕಳಿಸಿ, ಮೂರು ತಿಂಗಳು ಕಾದು, ಹಿಂತೆಗೆದುಕೊಳ್ಳುವ ಪತ್ರ ಬರೆದು, ಆಮೇಲೆ ಬೇರೆ ಕಡೆಗೆ. ಯಾವ ಕವಿತೆ ಎಲ್ಲಿಗೆ ಯಾವಾಗ ಹೋಯಿತೆಂಬ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿರಲಿ.

ಮಯೂರ, ತುಷಾರ, ಸುಧಾ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ಎಲ್ಲರಿಗೂ ಗೊತ್ತಿರುವ ಬಾಗಿಲುಗಳು. ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕವನ ಸ್ಪರ್ಧೆಯ ಪ್ರಕಟಣೆಯನ್ನು ಹಬ್ಬಕ್ಕೆ ಎರಡು–ಮೂರು ತಿಂಗಳು ಮುಂಚಿನಿಂದಲೇ ನೋಡುತ್ತಿರಿ. ಸ್ಪರ್ಧೆಗಳಲ್ಲಿ ಕವಿತೆಯ ಹಾಳೆಯ ಮೇಲೆ ಹೆಸರು ಇರಬಾರದೆಂಬ ನಿಯಮವಿದ್ದರೆ ಪುಟದ ತಲೆಬರಹದಲ್ಲಿ, ಕಡತದ ಹೆಸರಿನಲ್ಲಿ ಕೂಡ ಅದು ಉಳಿದಿರಬಾರದು. ಕಾಲೇಜಿನಲ್ಲಿರುವವರಿಗೆ ಚಿ. ಶ್ರೀನಿವಾಸರಾಜು ಕಟ್ಟಿ ಬೆಳೆಸಿದ ಕ್ರೈಸ್ಟ್ ಕಾಲೇಜು ಕನ್ನಡ ಸಂಘದ ಬೇಂದ್ರೆ ಸ್ಮೃತಿ ಕವನ ಸ್ಪರ್ಧೆ ಮಾದರಿಯಾಗಿತ್ತು. ಅಂಥ ಅಂತರಕಾಲೇಜು ಸ್ಪರ್ಧೆಗಳ ಸುದ್ದಿ ಕನ್ನಡ ವಿಭಾಗದ ಸೂಚನಾಫಲಕದಲ್ಲಿ ಸಿಗುತ್ತದೆ. ಸೆಂಟ್ರಲ್ ಕಾಲೇಜು ಆವರಣದಲ್ಲಿರುವ ಕೇಂದ್ರ ಸಾಹಿತ್ಯ ಅಕಾಡೆಮಿಯ ಕಚೇರಿ ‘ಯುವ ಸಾಹಿತಿ’, ‘ಕವಿಸಂಧಿ’ಯಂಥ ಕಾರ್ಯಕ್ರಮ ನಡೆಸುತ್ತದೆ. ಮೊದಲು ಕೇಳುಗರಾಗಿ ಹೋಗಿ.

ಹಣ ಕೇಳುವ ‘ರಾಷ್ಟ್ರಮಟ್ಟದ ಕವಿಗೋಷ್ಠಿ’, ನೋಂದಣಿ ಶುಲ್ಕಕ್ಕೆ ಬಿರುದು, ಇಷ್ಟು ಪ್ರತಿ ಕೊಂಡರೆ ಸಂಕಲನದಲ್ಲಿ ಜಾಗ ಎನ್ನುವ ಆಹ್ವಾನಗಳನ್ನು ದಯವಿಟ್ಟು ದೂರವಿಡಿ. ಕವಿತೆಯನ್ನು ಓದದೆಯೇ ಆಯ್ಕೆ ಮಾಡುವವರಿಂದ ಬರಹಕ್ಕೆ ಏನೂ ಆಗುವುದಿಲ್ಲ.

ಮೊದಲ ಸಂಕಲನಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ ಯೋಜನೆ ಇದೆ, ವಯೋಮಿತಿ ಮತ್ತು ಕೊನೆಯ ದಿನ ಆಯಾ ವರ್ಷದ ಪ್ರಕಟಣೆಯಲ್ಲಿರುತ್ತದೆ. ಹಸ್ತಪ್ರತಿ ಸಿದ್ಧವಿದ್ದರೆ ಮಾತ್ರ ಆ ಗಡುವಿಗೆ ಸಿಕ್ಕೀತು. ಕೇಂದ್ರ ಅಕಾಡೆಮಿಯ ಯುವ ಪುರಸ್ಕಾರ 2011ರಲ್ಲಿ ಶುರುವಾದದ್ದು, 35 ವರ್ಷದೊಳಗಿನವರಿಗೆ. ಆದರೆ ಅದಕ್ಕಾಗಿ ಅರೆಬೆಂದ ಸಂಕಲನ ತರುವುದು ಬೇಡ.

ಸ್ವತಃ ಅಚ್ಚು ಹಾಕಿಸುವುದಾದರೆ ಡೆಮಿ 1/8 ಅಳತೆ, 96 ಪುಟ, ಅಂದರೆ ಹದಿನಾರು ಪುಟದ ಆರು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಂತೆ). ಸುಮಾರು ಐವತ್ತು ಕವಿತೆ ಕೂರುತ್ತವೆ. ಒಳಪುಟಕ್ಕೆ 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಮ್ಯಾಪ್‌ಲಿಥೊ ಕಾಗದ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಬೋರ್ಡ್. 98 ಪುಟವಾದರೆ ಎರಡು ಪುಟಕ್ಕಾಗಿ ಇನ್ನೊಂದು ತುಂಡು ಫಾರಂ ಸೇರಿ ಖರ್ಚು ಏರುತ್ತದೆ, ಒಂದು ಕವಿತೆ ಕೈಬಿಡಿ. ಮುನ್ನೂರು ಪ್ರತಿಯವರೆಗೆ ಡಿಜಿಟಲ್ ಮುದ್ರಣ, ಐನೂರರ ಮೇಲೆ ಆಫ್‌ಸೆಟ್ ಲಾಭ. ಮುನ್ನುಡಿ ಬರೆಯುವವರಿಗೆ ಕರಡು ಕೊಡುವಾಗಲೇ ದಿನಾಂಕ ಹೇಳಿ. ಪುಸ್ತಕ ತಡವಾಗುವುದು ಹೆಚ್ಚಾಗಿ ಅಲ್ಲಿಯೇ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್‌ಗೆ ಸರ್ಕಾರದ ಶುಲ್ಕವಿಲ್ಲ, ಲೇಖಕರೇ ಅರ್ಜಿ ಹಾಕಬಹುದು. ನೀವೇ ಪ್ರಕಾಶಕರಾದ ಮೇಲೆ 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ಕಳಿಸುವುದು ನಿಮ್ಮ ಹೊಣೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಕ್ಕೆ ಪುಸ್ತಕ ಪ್ರಕಟವಾದ ವರ್ಷವನ್ನು ನೋಡುತ್ತಾರೆ, ಗ್ರಂಥಾಲಯ ಇಲಾಖೆಯ ಪುಸ್ತಕ ಖರೀದಿಯ ಆಯ್ಕೆಗೂ ಅದೇ ಮುಖ್ಯ. ಡಿಸೆಂಬರ್ ಕೊನೆಯ ವಾರ ಅಚ್ಚಾದ ಪುಸ್ತಕ ಕೆಲವೇ ದಿನಗಳಲ್ಲಿ ‘ಕಳೆದ ವರ್ಷದ್ದು’ ಆಗಿಬಿಡುತ್ತದೆ; ಅಷ್ಟು ತಡವಾಗಿದ್ದರೆ ಜನವರಿಗೆ ಮುಂದೂಡಿ, ಮುದ್ರಣದ ವರ್ಷವನ್ನೂ ಅದಕ್ಕೆ ತಕ್ಕಂತೆ ತಿದ್ದಿಸಿ.