ಎರೆಮಣ್ಣಿನ ಹಿತ್ತಲಲ್ಲಿ ಟರ್ಫ್: ಹುಲ್ಲಿಗಿಂತ ಮೊದಲು ಗರಸು

ಸಿಂಧನೂರಿನ ನಮ್ಮ ಮಾವನ ಮನೆ ಹಿತ್ತಲಲ್ಲಿ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲು, ಹಾಕಿಸಿದ ಮೊದಲ ಬೇಸಿಗೆ, ಓಣಿ ಮಕ್ಕಳೆಲ್ಲ ಅಲ್ಲೇ ಬಿದ್ದಿರುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಳದ ನಡುಭಾಗ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು. ಹುಲ್ಲು ಎತ್ತಿ ನೋಡಿದರೆ ಕೆಳಗಿನ ಮೂರು ಇಂಚು ಕಾಂಕ್ರೀಟು ನಾಲ್ಕು ಹೋಳು. ಗುತ್ತಿಗೆದಾರ ಬೇರೆ ಊರಿನವನು, ಎರೆಮಣ್ಣಿನ ಗುಣ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮ ಮಾವ ಬಾಯಿ ಬಿಡಲಿಲ್ಲ.

ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ತೆಳು ಕಾಂಕ್ರೀಟು ಅದರ ಮುಂದೆ ಏನೂ ಅಲ್ಲ. ಹಾಗಾಗಿ ಹುಲ್ಲಿನ ಬಣ್ಣ ಆರಿಸುವುದು ಆಮೇಲೆ, ಮೊದಲು ಮಣ್ಣು ನೋಡಿ.

ನೋಡುವುದು ಸುಲಭ. ಒಂದಡಿ ಆಳದ ಮಣ್ಣು ತೆಗೆದು ಒಣಗಿಸಿ, ಪುಡಿ ಮಾಡಿ, ಹಿಟ್ಟಿನ ಜರಡಿಯಲ್ಲಿ ಸೋಸಿ. ಒಂದೇ ಅಳತೆಯ ಎರಡು ಗಾಜಿನ ಲೋಟಕ್ಕೆ ಎರಡೆರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಚೆನ್ನಾಗಿ ಕಲಕಿ, 24 ಗಂಟೆ ಮುಟ್ಟದೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ನೀರಿನ ಲೋಟದಲ್ಲಿ ಮಣ್ಣು ಸೀಮೆಎಣ್ಣೆ ಲೋಟದ ಮಣ್ಣಿಗಿಂತ ಒಂದೂವರೆ ಪಟ್ಟು ಎತ್ತರ ಬಂದಿದ್ದರೆ ಹುಷಾರಾಗಿರಿ. ಲ್ಯಾಬಿನಲ್ಲಿ ಮಾಡುವುದೂ ಇದನ್ನೇ, ಅಲ್ಲಿ ಅಳತೆಯ ಗಾಜಿನ ಕೊಳವೆ ಇರುತ್ತದೆ, ಅಷ್ಟೇ. ನಿಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲವಾಗಿದ್ದರೆ ಅದೃಷ್ಟವಂತರು, ಮುಂದಿನ ಅಗೆತ ಅರ್ಧಕ್ಕರ್ಧ ಕಡಿಮೆ.

ಇನ್ನು ಅಳತೆ. ಟರ್ಫ್ ರೋಲು ಸಾಮಾನ್ಯವಾಗಿ 2 ಮೀಟರ್ ಅಗಲ ಬರುತ್ತದೆ. ಮೂರು ಪಟ್ಟಿ ಜೋಡಿಸಿದರೆ 6 ಮೀಟರ್, ಅಂದರೆ 19 ಅಡಿ 8 ಇಂಚು. ಅಂಗಳ ಸರಿಯಾಗಿ 20 ಅಡಿ ಇಟ್ಟುಕೊಂಡಿರೋ, ನಾಲ್ಕು ಇಂಚಿಗಾಗಿ ನಾಲ್ಕನೇ ಪಟ್ಟಿ ತರಬೇಕು. ಹತ್ತೊಂಬತ್ತೂವರೆ ಅಡಿಗೆ ಗೆರೆ ಎಳೆದುಬಿಡಿ. ಉದ್ದ 40 ಅಡಿ ಸಿಕ್ಕರೆ ಮಕ್ಕಳ ಕ್ರಿಕೆಟ್ಟು, ಫುಟ್‌ಬಾಲು ಎರಡಕ್ಕೂ ಆಗುತ್ತದೆ. ಬೇವಿನ ಮರದಿಂದ ಸ್ವಲ್ಪ ದೂರ ಇರಲಿ. ನೆರಳು ಬೇಕೆನಿಸುತ್ತದೆ ನಿಜ, ಆದರೆ ಬೇರು ಮೇಲೆದ್ದರೆ ಹುಲ್ಲೂ ಏಳುತ್ತದೆ.

ಕೆಲಸ ಹಿಡಿಯಲು ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲ ಒಳ್ಳೆಯದು. ಜೆಸಿಬಿಯಿಂದ ಎರಡು ಅಡಿ ತಗ್ಗು ತೆಗೆಸಿ. ತಳದಲ್ಲಿ ಬಿರುಕು ಕಂಡರೆ ನೀರು ಬಿಟ್ಟು ಮುಚ್ಚಿಕೊಳ್ಳಲಿ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಕೆಳಗಿನ ಕರಿ ಕೆಸರು ಮೇಲೆ ಬಾರದಂತೆ ಅದು ತಡೆಯುತ್ತದೆ.

ಆಮೇಲೆ ಗರಸು (ಸಣ್ಣ ಕಲ್ಲು ಬೆರೆತ, ಹಿಗ್ಗದ ಮಣ್ಣು), ಒಂದೂವರೆ ಅಡಿ. ಈ ಕೆಲಸದ ಜೀವ ಇರುವುದು ಇಲ್ಲೇ. ಎರೆಭೂಮಿಯಲ್ಲಿ ಕಾಲುವೆ ಕಟ್ಟುವ ಎಂಜಿನಿಯರುಗಳೂ ಕಾಂಕ್ರೀಟಿನ ಅಡಿಗೆ ಹಿಗ್ಗದ ಮಣ್ಣಿನ ಪದರ ಹಾಕುತ್ತಾರೆ, ನಮ್ಮದು ಅದರ ಮರಿ. ಹೇಳಿದ ಅಳತೆಗೆ ಸುಮಾರು 12 ಬ್ರಾಸ್ ಬೇಕು (ಒಂದು ಬ್ರಾಸ್ ಅಂದರೆ 100 ಘನ ಅಡಿ). ದಮ್ಮಸ್ಸು ಮಾಡಿದಾಗ ಕುಗ್ಗುತ್ತದೆ, 15 ತರಿಸಿ. ಒಂದೇ ಸಲ ಸುರಿದು ಮೇಲೆ ರೋಲರ್ ಓಡಿಸಿದರೆ ಕೆಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಆರಾರು ಇಂಚು ಹರಡಿ, ನೀರು ಚಿಮುಕಿಸಿ, ಬಡಿಸಿ. ಹಿಮ್ಮಡಿಯಿಂದ ಜೋರಾಗಿ ಗುದ್ದಿದರೆ ಗುರುತು ಬೀಳಬಾರದು.

ಇಳಿಜಾರು ಕೊಡಬೇಕಾದದ್ದು ಗರಸಿಗೆ, ಹುಲ್ಲಿಗಲ್ಲ. ನೀರು ಹುಲ್ಲು, ಅದರಡಿಯ ಖಡಿ (ಜಲ್ಲಿ) ಎರಡನ್ನೂ ದಾಟಿ ಗರಸಿನ ಮೇಲೆಯೇ ಹರಿದು ಹೋಗುವುದು. 100ಕ್ಕೆ 1ರಂತೆ, ಇಪ್ಪತ್ತು ಅಡಿ ಅಗಲಕ್ಕೆ ಎರಡೂವರೆ ಇಂಚು, ಮನೆಯ ಕಡೆಯಿಂದ ಹೊರಕ್ಕೆ. ಗೌಂಡಿಗಳ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದಲ್ವಾ, ಅದರಿಂದ ನಾಲ್ಕೂ ಮೂಲೆ ನೀವೇ ನಿಂತು ಹಿಡಿಸಿ ನೋಡಿ. ಸುತ್ತ ಅಂಚು ಕಟ್ಟಲು ಬೂದಿ ಇಟ್ಟಿಗೆ ಸಾಕು. ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಇರುವ ನಮ್ಮ ರಾಯಚೂರು ಜಿಲ್ಲೆಯಲ್ಲಿ ಅದಕ್ಕೇನು ಬರವಿಲ್ಲ. ತಗ್ಗಿನ ಕಡೆಯ ಅಂಚಿನಲ್ಲಿ ಮೂರು ಅಡಿಗೊಂದು ಪೈಪಿನ ತುಂಡು ಇಡುವುದನ್ನು ಮರೆತರೆ ಅಂಗಳ ಕೆರೆಯಾಗುತ್ತದೆ. ಗರಸಿನ ಮೇಲೆ ನಾಲ್ಕು ಇಂಚು ಖಡಿ, ಎರಡು ಇಂಚು ಖಡಿ ಪುಡಿ, ಮತ್ತೆ ದಮ್ಮಸ್ಸು.

ಹುಲ್ಲು ಹಾಸುವುದು ಒಂದು ದಿನದ ಕೆಲಸ. ಪಟ್ಟಿಗಳನ್ನು ಬಿಚ್ಚಿ ಬಿಸಿಲಲ್ಲಿ ಎರಡು ಗಂಟೆ ಬಿಡಿ, ಸುಕ್ಕು ಹೋಗುತ್ತದೆ. ಎಲ್ಲ ಪಟ್ಟಿಯ ನಾರೂ ಒಂದೇ ಕಡೆ ಬಾಗಿರಬೇಕು. ಒಂದು ತಿರುಗಾಮುರುಗಾ ಆದರೂ ದೂರದಿಂದ ಬೇರೆ ಬಣ್ಣ ಕಾಣುತ್ತದೆ. ಕತ್ತರಿಸುವಾಗ ಬೆನ್ನಿನ ಕಡೆಯಿಂದ, ಹೊಲಿಗೆಯ ಸಾಲು ಹಿಡಿದು ಕತ್ತರಿಸಿ. ಜೋಡಣೆಯ ಕೆಳಗೆ ಟೇಪು, ಅದರ ಮೇಲೆ ಎರಡು ಡಬ್ಬಿಯದನ್ನು ಬೆರೆಸಿ ಕಲಸುವ ಅಂಟು. ನಮ್ಮ ಬಿಸಿಲಿಗೆ ಅದು ಬೇಗ ಗಟ್ಟಿಯಾಗುತ್ತದೆ. ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಸ್ವಲ್ಪಸ್ವಲ್ಪವೇ ಕಲಸಿಕೊಳ್ಳಿ. ಒಂದು ದಿನ ಯಾರೂ ತುಳಿಯಬಾರದು. ಮಕ್ಕಳಿಗೆ ಇದನ್ನು ಹೇಳುವುದೇ ಕಷ್ಟ.

ಕೊನೆಗೆ ಮರಳು. ಕೃಷ್ಣೆ, ತುಂಗಭದ್ರೆ ಎರಡರ ನಡುವೆ ಇದ್ದೇವೆ, ಹೊಳೆ ಮರಳೇ ಹಾಕೋಣ ಅನ್ನಿಸುತ್ತದೆ. ಬೇಡ. ಅದರ ಸಣ್ಣ ಮಣ್ಣು ಹುಲ್ಲಿನ ತೂತುಗಳನ್ನು ಮುಚ್ಚಿಬಿಡುತ್ತದೆ. ತೊಳೆದು ಒಣಗಿಸಿದ ಸಿಲಿಕಾ ಮರಳನ್ನೇ ತರಿಸಿ, ತೆಳುವಾಗಿ ಉದುರಿಸಿ ಗಟ್ಟಿ ಪೊರಕೆಯಿಂದ ನಾರಿನೊಳಕ್ಕೆ ಇಳಿಸಿ. ಕಪ್ಪು ರಬ್ಬರ್ ಹರಳು ಹಾಕಿ ಅಂತ ಹೇಳುವವರಿದ್ದಾರೆ. ಈ ಊರಿಗೆ ನಾನಂತೂ ಹೇಳುವುದಿಲ್ಲ. ರಬ್ಬರ್ ಇಲ್ಲದೆಯೇ ಮೇ ಮಧ್ಯಾಹ್ನ ಟರ್ಫಿನ ಮೈ 60 ಡಿಗ್ರಿ ದಾಟುತ್ತದೆ. ನೀರು ಹೊಡೆದರೆ ತಣ್ಣಗಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕಾಯುತ್ತದೆ. ಟ್ಯಾಂಕಿನ ನೀರು ಸುಮ್ನೆ ಖಾಲಿ. ಬೇಸಿಗೆಯಲ್ಲಿ ಆಟ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಆರರ ಮೇಲೆ. ಎರಡು ಎಲ್‌ಇಡಿ ದೀಪಕ್ಕೆ ವೈರು ಮೊದಲೇ ಎಳೆಸಿಡಿ.

ವಾರಕ್ಕೊಮ್ಮೆ ನಾರಿನ ಬಾಗಿಗೆ ಎದುರಾಗಿ ಗುಡಿಸಿ, ಧೂಳು ಜಾಸ್ತಿ ಕೂತರೆ ಪೈಪಿನಿಂದ ತೊಳೆಯಿರಿ. ನಮ್ಮ ಮಾವ ಹೋದ ವರ್ಷ ಎಲ್ಲ ಕಿತ್ತು, ಗರಸು ತುಂಬಿಸಿ, ಅದೇ ಹುಲ್ಲನ್ನು ಮತ್ತೆ ಹಾಸಿದರು. ಒಂದು ಮಳೆಗಾಲ ಕಳೆದಿದೆ, ಉಬ್ಬಿಲ್ಲ. ಈಗಿನ ಜಗಳ ಬೇರೆ: ಆಟ ಇಲ್ಲದ ಮಧ್ಯಾಹ್ನ ಅತ್ತೆ ಅಲ್ಲಿ ಮೆಣಸಿನಕಾಯಿ ಒಣಗಿಸುತ್ತಾರೆ. ಬೇಗ ಒಣಗುತ್ತದಂತೆ.