ಮಗಳ ಕೋಡಿಂಗ್ ಕಲಿಕೆಗೆ ನಾನು ಆರಿಸಿದ್ದು, ಬಿಟ್ಟದ್ದು

"ನಂಗೂ ಗೇಮ್ ಮಾಡೋಕೆ ಹೇಳ್ಕೊಡಪ್ಪ" ಅಂತ ಮಗಳು ಕೇಳಿದಾಗ ಅವಳಿಗೆ ಹತ್ತು ವರ್ಷ. ದಿನವಿಡೀ ಕೋಡ್ ಬರೆಯುವ ನಾನು, ನನ್ನ ಎಡಿಟರನ್ನೇ (ಕೋಡ್ ಬರೆಯುವ ತಂತ್ರಾಂಶ) ಅವಳಿಗೂ ಹಾಕಿಕೊಟ್ಟೆ, ಜೊತೆಗೊಂದು ಉದ್ದನೆಯ ವಿಡಿಯೊ ಕೋರ್ಸು. ನಾಲ್ಕನೇ ದಿನ ಒಂದು ಬ್ರಾಕೆಟ್ ಬಿಟ್ಟುಹೋಗಿ ಪರದೆ ತುಂಬ ಕೆಂಪು ಅಕ್ಷರ ಬಂತು. ಏನೋ ಹಾಳುಮಾಡಿಬಿಟ್ಟೆ ಅಂದುಕೊಂಡು ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಆಮೇಲೆ ತಿಂಗಳುಗಟ್ಟಲೆ ಅದರ ಹತ್ತಿರ ಸುಳಿಯಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಇದೆ.

ಮತ್ತೆ ಶುರುಮಾಡಿದ್ದು, ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್‌ನಿಂದ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದದ್ದು, 8ರಿಂದ 16 ವರ್ಷದವರಿಗೆಂದೇ ಮಾಡಿದ್ದು, ಉಚಿತ. (ಇನ್ನೂ ಓದಲು ಬಾರದ ಪುಟಾಣಿಗಳಿಗೆ ಸ್ಕ್ರ್ಯಾಚ್‌ಜೂನಿಯರ್ ಇದೆ.) ಬ್ಲಾಕುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಬ್ರಾಕೆಟ್ಟಿನ ತಕರಾರಿಲ್ಲ, ತಪ್ಪಿದರೆ ಪರದೆಯ ಮೇಲಿನ ಬೆಕ್ಕು ಬೇರೆ ಕಡೆ ಹೋಗುತ್ತದೆ, ಅಷ್ಟೇ. ವಿಡಿಯೊ ಪೂರ್ತಿ ನಿಲ್ಲಿಸಿದೆ. ಬೇರೆ ಮಕ್ಕಳ ಪ್ರಾಜೆಕ್ಟುಗಳನ್ನು ಬಿಚ್ಚಿ ನೋಡುವುದೇ ಅವಳ ಪಾಠವಾಯಿತು.

ಒಂದು ದಿನ, ಬೆಕ್ಕು ನಡೆದ ದಾರಿಯಲ್ಲಿ ಗೆರೆ ಎಳೆಯುವ ಪೆನ್ ಬ್ಲಾಕಿನಲ್ಲಿ ಚೌಕ ಬರೆದಳು: 100 ಹೆಜ್ಜೆ, 90 ಡಿಗ್ರಿ, ನಾಲ್ಕು ಸಲ. ಸಮಬಾಹು ತ್ರಿಭುಜದ ಕೋನ 60 ಅಂತ ಗೊತ್ತಿತ್ತಲ್ಲ, ಅದನ್ನೇ ಹಾಕಿ ಮೂರು ಸಲ ಓಡಿಸಿದಳು. ಬಂದದ್ದು ಅರ್ಧ ಷಟ್ಕೋನ! ನನಗೆ ಉತ್ತರ ಬಾಯಿತುದಿಗೆ ಬಂದಿತ್ತು, ತಡೆದುಕೊಂಡು "ನೀನೇ ನಡೆದು ನೋಡು" ಅಂದೆ. ನೆಲದ ಮೇಲೆ ನಡೆದಳು, ಮೂಲೆಯಲ್ಲಿ ನಿಂತಳು, ತಿರುಗಿದಳು, ಮತ್ತೆ ಹಿಂದಕ್ಕೆ ಬಂದು ತಿರುಗಿದಳು. "ಅಪ್ಪಾ, ಒಳಗಿನ ಕೋನ ಅಲ್ಲ, ನಾನೆಷ್ಟು ತಿರುಗ್ತೀನಿ ಅನ್ನೋದು!" 120 ಹಾಕಿದಳು. 1967ರಲ್ಲಿ ಹುಟ್ಟಿದ, ಮಕ್ಕಳಿಗೆಂದೇ ಮಾಡಿದ ಲೋಗೊ ಭಾಷೆಯಲ್ಲಿ ಹೇಳಿದಂತೆ ನಡೆದು ಗೆರೆ ಎಳೆಯುವ ಆಮೆಯನ್ನು, ಆ ಭಾಷೆ ರೂಪಿಸಿದವರಲ್ಲೊಬ್ಬರಾದ ಸೆಮೋರ್ ಪೇಪರ್ಟ್ ಅಷ್ಟೊಂದು ನೆಚ್ಚಿಕೊಂಡಿದ್ದು ಯಾಕೆಂದು ನನಗೆ ಅವತ್ತು ಅರ್ಥವಾಯಿತು.

ವರ್ಷದ ಮೇಲೆ, ಅವಳೇ ಕೇಳಿದ್ದಕ್ಕೆ, ಬ್ಲಾಕಿಲ್ಲದೆ ಅಕ್ಷರದಲ್ಲೇ ಕೋಡ್ ಬರೆಯುವ ಪೈಥಾನ್ ಭಾಷೆ. ಎಡಿಟರಾಗಿ ಥಾನಿ; ಪೈಥಾನ್ ಅದರೊಳಗೇ ಬರುತ್ತದೆ, ಬೇರೆ ಹಾಕಬೇಕಿಲ್ಲ. ಪೈಥಾನಿನದೇ ಆಮೆಯಾದ ಟರ್ಟಲ್‌ನಲ್ಲಿ ಅದೇ ಚೌಕ, ಅದೇ ತ್ರಿಭುಜ ಬರೆದಿದ್ದರಿಂದ ಹೊಸ ಭಾಷೆ ಪರಕೀಯ ಅನ್ನಿಸಲಿಲ್ಲ. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಮಿಗೆ 5 ಮತ್ತು 7 ಕೊಟ್ಟಾಗ 57 ಬಂತು. ಪ್ರೋಗ್ರಾಮು ನೆನಪಿಟ್ಟುಕೊಂಡದ್ದನ್ನು ತೋರಿಸುವ ಥಾನಿಯ ವೇರಿಯಬಲ್ ಕಿಟಕಿಯಲ್ಲಿ 5ರ ಅಕ್ಕಪಕ್ಕ ಉದ್ಧರಣ ಚಿಹ್ನೆ ಕಾಣುತ್ತಿತ್ತು. "ಇದು ನಂಬರಲ್ಲ, ಅಕ್ಷರ" ಅಂತ ಅವಳೇ ಬೆರಳಿಟ್ಟು ತೋರಿಸಿದಳು.

ಈಗ ಹೆಜ್ಜೆ ಎಣಿಸುವ ಯಂತ್ರ ಮಾಡುವ ಆಸೆ ಅವಳಿಗೆ. ಅದಕ್ಕೆ ಬೇಕಾದ ಮೈಕ್ರೋಬಿಟ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಕೂಡಲೇ ಕೊಳ್ಳಲಿಲ್ಲ. ಆ ಬೋರ್ಡಿಗೆ ಕೋಡ್ ಬರೆಯುವ ಮೇಕ್‌ಕೋಡ್‌ನ ಸಿಮ್ಯುಲೇಟರಿನಲ್ಲಿ, ಅಂದರೆ ಪರದೆಯ ಮೇಲಿನ ನಕಲಿ ಬೋರ್ಡಿನಲ್ಲಿ, ಅಲುಗಾಡಿಸಿದಾಗೆಲ್ಲ ಎಣಿಕೆ ಒಂದೊಂದೇ ಏರಿದ್ದನ್ನು ನೋಡಿದ ಮೇಲೆ, ನಿನ್ನೆ ತರಿಸಿದ್ದೇನೆ.