ಬಡಾವಣೆಯಲ್ಲಿ ಪೌರಕಾರ್ಮಿಕರ ದಿನ ಆಚರಿಸುವ ಬಗೆ

ಕರ್ನಾಟಕದಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನು ಆಚರಿಸಲಾಗುತ್ತದೆ. ಮಹಾನಗರ ಪಾಲಿಕೆಯ ಸಮಾರಂಭ ಇಡೀ ದಾವಣಗೆರೆಗೆ ಸೇರಿದ್ದು. ನಮ್ಮ ಬೀದಿಯನ್ನೇ ನಿತ್ಯ ಗುಡಿಸುವವರನ್ನು ಹೆಸರು ಹಿಡಿದು ಕರೆದು ಗೌರವಿಸಬೇಕೆಂದರೆ ಬಡಾವಣೆಯ ನಿವಾಸಿಗಳ ಸಂಘವೇ ಮುಂದಾಗಬೇಕು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವುದು ಹೆಸರುಗಳ ಪಟ್ಟಿ. ಎರಡು ವಾರ ಮೊದಲೇ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕಂಡು ಪಟ್ಟಿ ಪಡೆಯಿರಿ. ಆದರೆ ಅಷ್ಟಕ್ಕೇ ನಿಲ್ಲದೆ, ಬೆಳಿಗ್ಗೆ ಕೆಲಸಕ್ಕೆ ಬರುವವರನ್ನೇ ಮಾತನಾಡಿಸಿ ಯಾರಾದರೂ ಬಿಟ್ಟುಹೋಗಿದ್ದಾರೆಯೇ ಎಂದು ವಿಚಾರಿಸಿ. ಗುಡಿಸುವವರು ನೆನಪಾಗುತ್ತಾರೆ, ಕಸದ ಗಾಡಿಯ ಚಾಲಕರು, ಲೋಡರ್‌ಗಳು, ಒಳಚರಂಡಿ ಸಿಬ್ಬಂದಿ ಸುಲಭವಾಗಿ ಮರೆತುಹೋಗುತ್ತಾರೆ. ಕಾಯಂ, ನೇರಪಾವತಿ (ಗುತ್ತಿಗೆದಾರರಿಲ್ಲದೆ ಪಾಲಿಕೆಯೇ ಸಂಬಳ ಕೊಡುವವರು), ಹೊರಗುತ್ತಿಗೆ ಎಂಬ ಭೇದ ಸಂಬಳದ ಪುಸ್ತಕದಲ್ಲಿರಬಹುದು, ಸನ್ಮಾನದ ಪಟ್ಟಿಯಲ್ಲಿ ಸಲ್ಲದು. ಅಭಿನಂದನಾ ಪತ್ರದಲ್ಲಿ ಹೆಸರು, ಇನಿಷಿಯಲ್ ಹೇಗೆ ಬರಬೇಕೆಂದು ಅವರನ್ನೇ ಕೇಳಿ, ಮುದ್ರಣಕ್ಕೆ ಹೋಗುವ ಮುನ್ನ ಓದಿ ಹೇಳಿ ಒಪ್ಪಿಗೆ ಪಡೆಯಿರಿ.

ಸಮಯವನ್ನು ಅತಿಥಿಗಳ ಬಿಡುವು ನೋಡಿ ನಿಗದಿಪಡಿಸುವ ರೂಢಿ ಈ ದಿನಕ್ಕೆ ಒಪ್ಪುವುದಿಲ್ಲ. ನಸುಕಿನಿಂದ ದುಡಿದವರು ಮನೆಗೆ ಹೋಗಿ, ಸ್ನಾನ ಮಾಡಿ, ತಮಗಿಷ್ಟವಾದ ಬಟ್ಟೆ ತೊಟ್ಟು, ಮಕ್ಕಳನ್ನೂ ಕರೆದುಕೊಂಡು ಬರಲು ಅನುವಾಗುವಂತೆ ಸಂಜೆ ನಾಲ್ಕರ ನಂತರ ಕಾರ್ಯಕ್ರಮ ಇಡುವುದು ಲೇಸು.

ಮುಂದಿನ ಸಾಲಿನ ಕುರ್ಚಿಗಳು ಅವರಿಗೇ ಮೀಸಲಿರಲಿ. ಗಣ್ಯರ ಭಾಷಣ ಒಂದೆರಡಕ್ಕೆ ಮುಗಿದು, ಕಾರ್ಮಿಕರಲ್ಲಿ ಇಷ್ಟವಿದ್ದವರು ಮಾತನಾಡುವಂತಾಗಲಿ. ಅವರು ಹೇಳುವ ತೊಂದರೆಗಳನ್ನು ಸಂಘದ ಕಾರ್ಯದರ್ಶಿ ಬರೆದುಕೊಂಡು ಮುಂದಿನ ಸಭೆಯ ಮುಂದಿಡಬೇಕು. ಕೈಗೆ ಪೊರಕೆ ಕೊಟ್ಟು ಫೋಟೊ ತೆಗೆಸುವುದಂತೂ ಬೇಡವೇ ಬೇಡ.

ಶಾಲು, ಹಾರ, ಫಲತಾಂಬೂಲ ಸಾಕು. ಹಣ ಉಳಿದರೆ ಏನು ಬೇಕೆಂದು ಅವರನ್ನೇ ಕೇಳಿ ಕೊಡಿ. ಉಪಾಹಾರಕ್ಕೆ ಬೆಣ್ಣೆ ದೋಸೆ ಇಡುವುದಾದರೆ ಹೋಟೆಲಿನಿಂದ ಕಟ್ಟಿಸಿ ತರಬೇಡಿ, ಆರಿದ ದೋಸೆ ಮೆತ್ತಗಾಗುತ್ತದೆ. ಅಡುಗೆಯವರನ್ನೇ ಕರೆಸಿ ಒಲೆ ಹೂಡಿಸಿ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿಯೊಂದಿಗೆ ಬಿಸಿಬಿಸಿಯಾಗಿ ಬಡಿಸಿ. ಅದು ಆಗದಿದ್ದರೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಮಾಡಿಸಬಹುದು. ಬಡಿಸುವ ಕೆಲಸ ನಿವಾಸಿಗಳದ್ದೇ ಆಗಿರಬೇಕು.

ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ವಿಂಗಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಒಡೆದ ಗಾಜು, ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಬಳಸಿದ ಸ್ಯಾನಿಟರಿ ಪ್ಯಾಡ್‌ಗಳನ್ನು ಪ್ರತ್ಯೇಕವಾಗಿ ಕಟ್ಟಿ ಕೊಡುವಂತೆ ಈ ಕಾರ್ಯಕ್ರಮದಲ್ಲೇ ಪ್ರತಿ ಮನೆಯವರಿಗೂ ತಿಳಿಸಿ. ಕೈ ಕೊಯ್ದುಕೊಳ್ಳುವುದು ಕಸ ಎತ್ತುವವರೇ.

ಕಾರ್ಯಕ್ರಮ ಮುಗಿದ ಮೇಲೆ ಅಂಗಳವನ್ನು ಮರುದಿನದ ಪಾಳಿಗೆ ಬಿಡದೆ, ಸಂಘದ ಸದಸ್ಯರೇ ಅಂದೇ ಸಂಜೆ ಗುಡಿಸಿ, ಎಂಜಲೆಲೆ, ಹೂವಿನ ಹಾರಗಳನ್ನು ಹಸಿ ಕಸಕ್ಕೂ ಕಾಗದವನ್ನು ಒಣ ಕಸಕ್ಕೂ ಬೇರ್ಪಡಿಸಿ ಇಡಬೇಕು.